ವಾಲ್ವ್‌ಮನ್ ಕೇಳಿದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಏಪ್ರಿಲ್ ಬಂತೆಂದರೆ ಬೆಂಗಳೂರಿನವರು ಶೇಕಡಾ 5ರ ರಿಯಾಯಿತಿಗೆ ಓಡೋಡಿ ಆಸ್ತಿ ತೆರಿಗೆ ಕಟ್ಟುತ್ತೇವೆ. ಪಾಲಿಕೆಯ ಖರ್ಚೆಂದರೆ ರಸ್ತೆ, ದೀಪ, ಕಸ ಅಂದುಕೊಳ್ಳುತ್ತೇವೆ. ಪಿಂಚಣಿಯೂ ಖರ್ಚೇ. ಅದರ ಬಗ್ಗೆ ನನ್ನದು ಒಂದೇ ಮಾತು: ಕೆಲಸ ಮಾಡಿಸಿಕೊಂಡ ತಿಂಗಳೇ ಪಿಂಚಣಿಯ ದುಡ್ಡು ಎತ್ತಿಡಬೇಕು.

ಬಹಳ ಹಿಂದೆ ನಾನೊಂದು ಸಣ್ಣ ಪುರಸಭೆಯ ಲೆಕ್ಕ ನೋಡುತ್ತಿದ್ದೆ. ಊರು ಯಾವುದೆಂದು ಕೇಳಬೇಡಿ. ಅಲ್ಲೊಬ್ಬ ವಾಲ್ವ್‌ಮನ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತೋಳುದ್ದದ ಕಬ್ಬಿಣದ ಕೀಲಿ ಹೆಗಲಿಗೇರಿಸಿ, ಬೀದಿಬೀದಿಗೆ ನೀರು ಬಿಡುತ್ತಿದ್ದ ಮನುಷ್ಯ. ಸಂಬಳದಲ್ಲಿ ಪಿಂಚಣಿ ವಂತಿಗೆ ತಪ್ಪದೆ ಮುರಿದಿದ್ದರು. ಆದರೆ ಒಂದೂವರೆ ವರ್ಷ ಅದು ಖಾತೆಗೇ ಹೋಗಿರಲಿಲ್ಲ. ಕರೆಂಟು ಬಿಲ್ಲಿಗೋ, ಮೋಟಾರು ರಿಪೇರಿಗೋ ಕರಗಿತ್ತು. ಮೋಸವೆಂದು ಯಾರೂ ಮಾಡಿದ್ದಲ್ಲ, 'ಮುಂದಿನ ತಿಂಗಳು ಕಟ್ಟೋಣ' ಅಂತ, ಅಷ್ಟೇ. ಆತ ಕಾಫಿ ಕೊಟ್ಟರೂ ಮುಟ್ಟಲಿಲ್ಲ. "ಸಾರ್, ನಾನೊಂದ್ ದಿನ ವಾಲ್ವ್ ತಿರುಗಿಸ್ದಿದ್ರೆ ಊರೆಲ್ಲಾ ಬಿಂದಿಗೆ ಹಿಡ್ಕೊಂಡು ಬೈತಿತ್ತು. ನೀವು ಒಂದೂವರೆ ವರ್ಷ ತಿರುಗಿಸಿಲ್ವಲ್ಲ, ಯಾರನ್ನ ಬೈಲಿ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಅಸಲು ಕಟ್ಟಿದರು, ಆ ಅವಧಿಯಲ್ಲಿ ಬೆಳೆಯಬೇಕಿದ್ದದ್ದು ಬೆಳೆಯಲಿಲ್ಲ.

ಈಗ ಲೆಕ್ಕ, ಬೇಗ ಮುಗಿಸುತ್ತೇನೆ. ರಾಜ್ಯದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ. ಪೂರ್ಣ ಸೇವೆಯಾದರೆ ಕೊನೆಯ ಮೂಲವೇತನದ ಅರ್ಧ, ಜೊತೆಗೆ ತುಟ್ಟಿಭತ್ಯೆ, ಅವರ ನಂತರ ಕುಟುಂಬ ಪಿಂಚಣಿ. ಅದಕ್ಕೆ ಎತ್ತಿಟ್ಟ ಗಂಟಿಲ್ಲ, ಆಯಾ ವರ್ಷದ ಆದಾಯದಿಂದಲೇ ಕೊಡಬೇಕು. ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ತಿಂಗಳು ತಿಂಗಳೂ ಖಾತೆಗೆ ದುಡ್ಡು ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ: ನೌಕರನಿಂದ ಶೇಕಡಾ 10, ಸರ್ಕಾರದಿಂದ 14. ಮೂಲವೇತನ, ತುಟ್ಟಿಭತ್ಯೆ ಸೇರಿ 40,000 ರೂಪಾಯಿಯಾದರೆ ತಿಂಗಳಿಗೆ 9,600 ಖಾತೆಗೆ ಬೀಳಬೇಕು. ಯಾವ ಪದ್ಧತಿ ಒಳ್ಳೆಯದೆಂದು ಜಗಳವಾಡುವವರು ಆಡಲಿ. ಎತ್ತಿಡದಿದ್ದರೆ ಎರಡೂ ಒಂದೇ!

2025ರ ಸೆಪ್ಟೆಂಬರಿನಲ್ಲಿ ನಮ್ಮ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಗಡಿ ಎಲ್ಲಿ, ವಾರ್ಡೆಷ್ಟು ಎಂದು ಎಲ್ಲರೂ ಕೇಳಿದರು. ಹಳೆಯ ನಿವೃತ್ತರ ಹೊಣೆ ಯಾವ ಪಾಲಿಕೆಯ ಪುಸ್ತಕದಲ್ಲಿದೆ ಅಂತಲೂ ಕೇಳಿ, ಸ್ವಾಮಿ. ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇರಲೇಬೇಕು.

ಇನ್ನೂ ಎರಡು ವಿಷಯ ಬರೆದುಕೊಂಡು ಬಂದಿದ್ದೆ, ಹೊತ್ತಾಯಿತು ಅನ್ನುತ್ತಿದ್ದಾರೆ. ಎನ್‌ಪಿಎಸ್‌ನಲ್ಲಿರುವ ನೌಕರ ಬಾಂಧವರೇ, ಇವತ್ತೇ ನಿಮ್ಮ ಪ್ರಾನ್ ಖಾತೆ, ಅಂದರೆ ನಿಮ್ಮ ಹೆಸರಿನ ಎನ್‌ಪಿಎಸ್ ಖಾತೆ, ತೆಗೆದು ನೋಡಿ. ಹೋದ ತಿಂಗಳ ನಿಮ್ಮ ಪಾಲು, ಸರ್ಕಾರದ ಪಾಲು ಎರಡೂ ಬಿದ್ದಿವೆಯೇ? ಬಿದ್ದಿಲ್ಲದಿದ್ದರೆ ನಾಳೆ ಬೆಳಿಗ್ಗೆ ಲೆಕ್ಕ ಶಾಖೆಗೆ ಹೋಗಿ ಕೇಳಿ, ಬಾಯಲ್ಲಲ್ಲ, ಅರ್ಜಿ ಬರೆದುಕೊಟ್ಟು. ನಮಸ್ಕಾರ.