ಅಳತೆ ಜಂಪರ್ ಪಕ್ಕಕ್ಕಿಡಿ

ನಮಸ್ಕಾರ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ಯಾವ ಶಿಂಪಿಗರ ಅಂಗಡಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ. "ಅಳತಿ ಜಂಪರ್ ತಂದೀರೇನ್ರಿ?" ಟೇಪು ಕೊರಳಲ್ಲೇ ನೇತಾಡುತ್ತಿರುತ್ತದೆ, ಮೈ ಅಳತೆ ತೆಗೆದುಕೊಳ್ಳುವವರು ಕಡಿಮೆ. ಹಳೇ ಜಂಪರ್ ಹಾಸಿ, ಸುತ್ತ ಚಾಕ್ ಎಳೆದು ಕತ್ತರಿಸಿಬಿಡುತ್ತಾರೆ. ಅದರ ಭುಜ ಜಾರುತ್ತಿದ್ದರೆ ಹೊಸದೂ ಜಾರುತ್ತದೆ. ಮುಂದಿನ ವರ್ಷ ಆ ಹೊಸದೇ ಅಳತೆ ಜಂಪರ್. ಹೀಗೆ ತಪ್ಪಿಗೂ ಒಂದು ಮನೆತನ ಬೆಳೆಯುತ್ತದೆ, ಅಲ್ವಾ?

ಫ್ಯಾಷನ್ ಕೆಲಸಕ್ಕೆ ಹೋಗಬೇಕು ಅನ್ನುವವರು ಮೊದಲು ಈ ನಕಲು ಬಿಡಿ, ಪ್ಯಾಟರ್ನ್ ಹಾಕೋದು, ಅಂದರೆ ಮೈ ಅಳತೆಯಿಂದ ಒಂದೊಂದು ತುಂಡಿನ ನಕ್ಷೆಯನ್ನು ಕಾಗದದ ಮೇಲೆ ಬಿಡಿಸೋದು ಕಲಿಯಿರಿ. ಚೆಂದದ ಸ್ಕೆಚ್, ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕ್ಯಾಡ್ ಸಾಫ್ಟ್‌ವೇರ್ ಎಲ್ಲ ಆಮೇಲೆ.

ನಾನೂ ಹೊಲಿಗೆ ಕ್ಲಾಸಿಗೆ ಹೋದವಳೇ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಇಷ್ಟು ಕೂಡಿಸು ಅಂತ ಮಗ್ಗಿ ಥರ ಬಾಯಿಪಾಠ. ಯಾಕೆ ಕೂಡಿಸಬೇಕು ಅಂದರೆ ಉತ್ತರ ಇಲ್ಲ. ಉಸಿರಾಡೋಕೆ, ಕೈ ಎತ್ತೋಕೆ ಜಾಗ ಬೇಕು, ಅಷ್ಟೇ ಕಾರಣ. ಅದನ್ನೂ ಹೇಳಲಿಲ್ಲ. ಗುಳೇದಗುಡ್ಡದ ಖಣ, ಅಂದರೆ ದಡಿ ಇರುವ ಜಂಪರ್ ಬಟ್ಟೆ, ತಂದು ಮೊದಲ ಜಂಪರ್ ಕತ್ತರಿಸಿದೆ. ತೋಳು ಕೂಡಲಿಲ್ಲ. "ಎಳೆದು ಹೊಲಿ" ಅಂದರು. ಎಳೆದು ಹೊಲಿದೆ. ಕಂಕುಳಲ್ಲಿ ಹರಿಯಿತು.

ತೋಳಿನ ಮೇಲಿನ ಕರ್ವ್, ಅದು ಬಂದು ಕೂಡುವ ಆರ್ಮ್‌ಹೋಲ್ ಎರಡನ್ನೂ ಕಾಗದದ ಮೇಲೇ ಅಳೆದು ನೋಡಬೇಕು ಅಂತ ಆಮೇಲೆ ಗೊತ್ತಾಯಿತು. ಟೇಪನ್ನು ಮಲಗಿಸಿ ಅಲ್ಲ. ಅಂಚಿನ ಮೇಲೆ ನಿಲ್ಲಿಸಿ, ಗೆರೆ ಬಳುಕಿದ ಹಾಗೆ ಬಳುಕಿಸಿ ಅಳೆಯಬೇಕು. ತೋಳಿನ ಗೆರೆ ಸ್ವಲ್ಪ ಜಾಸ್ತಿ ಬರಬೇಕು, ಯಾಕಂದರೆ ಭುಜ ದುಂಡಗಿದೆ, ಕಾಗದ ಚಪ್ಪಟೆ. ಟಕ್ಸ್, ಅಂದರೆ ಬಟ್ಟೆ ಮಡಚಿ ಹಾಕುವ ಮೊನಚು ಹೊಲಿಗೆ, ಹಿಡಿಯುವುದೂ ಅದಕ್ಕೇ. ತುದಿ ಎದೆಯ ಉಬ್ಬಿನ ಕಡೆ ನೋಡುತ್ತಿದ್ದರೆ ಆಯಿತು, ಟಕ್ಸನ್ನು ಸೊಂಟದಿಂದ ಎತ್ತಿ ಭುಜಕ್ಕೋ ಪಕ್ಕಕ್ಕೋ ಸಾಗಿಸಬಹುದು. ಪ್ರಿನ್ಸೆಸ್ ಕಟ್ ಅಂತ ಜಾಸ್ತಿ ದುಡ್ಡು ಕೇಳ್ತಾರಲ್ಲ, ಅದರಲ್ಲಿ ಟಕ್ಸೇ ಹೊಲಿಗೆಯೊಳಗೆ ಅಡಗಿ ಕೂತಿರುತ್ತದೆ. ಇದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಖಣದ್ದು ಇನ್ನೊಂದು ಪಾಠ. ಪನ್ನ, ಅಂದರೆ ಬಟ್ಟೆಯ ಅಗಲ, ಕಿರಿದು, ದಡಿ ತೋಳಿನ ತುದಿಗೇ ಬರಬೇಕು. ಯಾವ ತುಂಡು ಎಲ್ಲಿ ಕೂರಬೇಕು ಅಂತ ಕತ್ತರಿ ಹಿಡಿಯುವ ಮೊದಲೇ ಲೆಕ್ಕ ಹಾಕಬೇಕು. ಹೀಗೆ ತುಂಡು ಜೋಡಿಸಿದ ನಕ್ಷೆಗೆ ಗಾರ್ಮೆಂಟ್ಸಿನಲ್ಲಿ ಮಾರ್ಕರ್ ಅನ್ನುತ್ತಾರೆ.

ಅಂಗಡಿಯಲ್ಲಿ ತಪ್ಪಿದರೆ ಕೆಡುವುದು ಒಂದು ಜಂಪರ್. ಗಾರ್ಮೆಂಟ್ಸಿನಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಮುಂದೆ ಎರಡು, ಹಿಂದೆ ಎರಡು ಪಕ್ಕದ ಅಂಚು. ಒಂದೊಂದರಲ್ಲೂ ಕಾಲಿಂಚು ಕಡಿಮೆಯಾದರೆ ಸುತ್ತಳತೆಯಲ್ಲಿ 1 ಇಂಚು ಹೋಯಿತು, ಅದೂ ಪ್ರತಿ ಪದರದಲ್ಲಿ. ಆ ಪ್ಯಾಟರ್ನನ್ನೇ ಗ್ರೇಡಿಂಗ್ ಮಾಡಿ, ಅಂದರೆ ಹಿಗ್ಗಿಸಿ ಕುಗ್ಗಿಸಿ, ಉಳಿದ ಸೈಜು ತೆಗೆಯುವುದರಿಂದ ಅವೂ ಕೆಟ್ಟವು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಉದ್ದ ಅಗಲ 3:2 ಅಂದರೆ 3:2, ಚಕ್ರಕ್ಕೆ 24 ಗೆರೆ. ಅಂಥ ಊರಲ್ಲಿ ನಮಗೆ "ಎಳೆದು ಹೊಲಿ" ಅಂತ ಪಾಠ!

ಶುರು ಮಾಡೋಕೆ ಬ್ರೌನ್ ಪೇಪರ್, ಸ್ಕೇಲು, ಟೇಪು ಸಾಕು. ನಿಮ್ಮದೇ ಮೈ ಅಳತೆಗೆ ಪ್ಯಾಟರ್ನ್ ಹಾಕಿ. ಹಳೇ ಬೆಡ್‌ಶೀಟಿನಲ್ಲಿ ಕತ್ತರಿಸಿ, ದೊಡ್ಡ ಹೊಲಿಗೆ ಹಾಕಿ ತೊಟ್ಟು ನೋಡಿ. ಸುಕ್ಕು ಬಿದ್ದ ಕಡೆ ಪಿನ್ ಹಾಕಿ, ತಿದ್ದುಪಡಿಯನ್ನು ವಾಪಸ್ ಕಾಗದಕ್ಕೆ ಇಳಿಸಿ. ಮೂರು ಸಲ ಆಗಬಹುದು, ಐದೂ ಆಗಬಹುದು. ಬೆಡ್‌ಶೀಟ್ ಹಳೇದೋ ಅಲ್ಲವೋ ಅಂತ ಮಾತ್ರ ಅವ್ವನ್ನ ಕೇಳಿ ಕತ್ತರಿ ಹಾಕಿ. ನಾನು ಕೇಳಿರಲಿಲ್ಲ.