ಒಂದೇ ಬಟನ್ನಿನ ಪಟ್ಟು

ಎಲ್ಲರಿಗೂ ನಮಸ್ಕಾರ. ಕುಸ್ತಿಯ ಆಟಕ್ಕೆ ನಮ್ಮ ಕಡೆ ಒಂದು ಒಳ್ಳೆಯ ಮಾತಿದೆ, ಪಟ್ಟು ಅಂತ. ಫೈಟಿಂಗ್ ಗೇಮಿನವರು ಸ್ಪೆಷಲ್ ಮೂವ್ ಅನ್ನುವುದನ್ನು ನಾನು ಇವತ್ತು ಪಟ್ಟು ಅಂತಲೇ ಕರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ತುಮಕೂರು ಬಸ್ ಸ್ಟ್ಯಾಂಡಿನ ಹತ್ತಿರ ಗಲ್ಲಿಯೊಳಗೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಲ್ಲಿದ್ದ ಸ್ಟ್ರೀಟ್ ಫೈಟರ್ 2 ಮಷೀನಿನ ಜಾಯ್‌ಸ್ಟಿಕ್ಕಿನ ಗುಂಡು ಎಷ್ಟು ಸಡಿಲ ಅಂದರೆ, ಜೋರಾಗಿ ತಿರುಗಿಸಿದರೆ ಕೈಗೇ ಬರುತ್ತಿತ್ತು. ಅದರಲ್ಲೇ ನಾವು ಕೈಯಿಂದ ಶಕ್ತಿಯ ಉಂಡೆ ಬಿಡುವ ಹಾಡೂಕೆನ್ ಕಲಿತೆವು: ಕೆಳಕ್ಕೆ, ಅಲ್ಲಿಂದ ಓರೆಯಾಗಿ ಮುಂದಕ್ಕೆ, ಆಮೇಲೆ ನೇರ ಮುಂದಕ್ಕೆ, ಕೂಡಲೇ ಗುದ್ದಿನ ಬಟನ್. ಮೇಲಕ್ಕೆ ಜಿಗಿಯುತ್ತ ಗುದ್ದಿ, ಹಾರಿ ಬಂದವನನ್ನು ಕೆಡವುವ ಶೋರ್ಯುಕೆನ್ ಇನ್ನೂ ಕಷ್ಟ: ಮೊದಲು ಮುಂದಕ್ಕೆ, ಆಮೇಲೆ ಕೆಳಕ್ಕೆ, ಕೊನೆಗೆ ಓರೆ. ಅದನ್ನು ತಪ್ಪದೆ ಹಾಕಬಲ್ಲ ಹುಡುಗನಿಗೆ ಅಂಗಡಿಯಲ್ಲಿ ಎಲ್ಲರೂ ಜಾಗ ಬಿಡುತ್ತಿದ್ದರು.

2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರಲ್ಲಿ ಮಾಡರ್ನ್ ಅನ್ನುವ ಕಂಟ್ರೋಲ್ ಇದೆ. ಮುಂದಕ್ಕೆ ಒತ್ತಿ ಒಂದು ಬಟನ್ ಹಿಡಿದರೆ ಸಾಕು, ಆಟದ ಪಾತ್ರ ರ್‍ಯೂ ಶೋರ್ಯುಕೆನ್ ಹೊಡೆಯುತ್ತಾನೆ. ನನ್ನ ವಯಸ್ಸಿನ ಆಟಗಾರರಿಗೆ ಇದು ಸಂಕಟದ ವಿಷಯ. ಗರಡಿ ಮಣ್ಣು ಹೊರದವನಿಗೆ ಪಟ್ಟು ಯಾಕೆ ಕೊಡಬೇಕು ಅನ್ನುತ್ತಾರೆ. ಆ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನನ್ನ ಎಡಗೈ ಹೆಬ್ಬೆರಳೂ ಜಡ್ಡುಗಟ್ಟಿದ್ದು ಹಾಗೆಯೇ. ಆದರೆ ಅವರ ವಾದವನ್ನು ಒಪ್ಪುವುದಿಲ್ಲ.

ಮೊದಲನೆಯದಾಗಿ, ನಾವು ಕಲಿತದ್ದೂ ಸುಲಭ ಮಾಡಿದ ಆಟವನ್ನೇ. 1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಈ ಪಟ್ಟುಗಳು ಗುಟ್ಟಿನ ವಿದ್ಯೆಯ ಹಾಗಿದ್ದವು. ಅದೇ ಚಲನೆ ಮಾಡಿದರೂ ಬಹಳ ಸಲ ಬರುತ್ತಲೇ ಇರಲಿಲ್ಲ, ಬಂದರೆ ಎದುರಾಳಿಯ ಜೀವದಲ್ಲಿ ದೊಡ್ಡ ಪಾಲನ್ನೇ ಒಯ್ಯುತ್ತಿತ್ತು. 1991ರಲ್ಲಿ ಕ್ಯಾಪ್‌ಕಾಮ್ ಎರಡನೆಯ ಆಟ ತಂದಾಗ ಪಟ್ಟು ಕೈಗೆಟುಕುವಂತಾಯಿತು. ಆಗಲೇ ಜನ ಒಬ್ಬರ ಎದುರು ಒಬ್ಬರು ನಿಂತು ನಿಜವಾಗಿ ಆಡಲು ಶುರು ಮಾಡಿದ್ದು.

ಇನ್ನು ಫೈಟಿಂಗ್ ಗೇಮಿನ ದೊಡ್ಡ ಟೂರ್ನಿ ಇವೊದ 2004ರ ಪಂದ್ಯ. ಕ್ಯಾಲಿಫೋರ್ನಿಯಾದಲ್ಲಿ ಜಪಾನಿನ ಡೈಗೊ ಉಮೆಹಾರ, ಅಮೆರಿಕದ ಜಸ್ಟಿನ್ ವಾಂಗ್ ಎದುರಾದರು. ಆಟ ಸ್ಟ್ರೀಟ್ ಫೈಟರ್ 3ರ ಥರ್ಡ್ ಸ್ಟ್ರೈಕ್. ಡೈಗೊ ಆಡಿಸುತ್ತಿದ್ದ ಪಾತ್ರ ಕೆನ್‌ಗೆ ಉಳಿದಿದ್ದದ್ದು ಕೂದಲೆಳೆಯಷ್ಟು ಜೀವ, ಬ್ಲಾಕ್ ಮಾಡಿ ತಡೆದರೂ ಚೂರು ಪೆಟ್ಟು ತಾಗಿ ಸಾಯುವ ಸ್ಥಿತಿ. ವಾಂಗ್‌ನ ಚುನ್ ಲಿ ಸೂಪರ್ ಅನ್ನುವ ದೊಡ್ಡ ಪಟ್ಟು ಬಿಟ್ಟಳು, ಹದಿನೈದು ಒದೆತ. ಡೈಗೊ ಹದಿನೈದನ್ನೂ ಪ್ಯಾರಿ ಮಾಡಿ, ಅಂದರೆ ಚೂರೂ ಪೆಟ್ಟಾಗದಂತೆ ತಡೆದು, ತಿರುಗಿ ಹೊಡೆದು ಆ ಸುತ್ತು ಗೆದ್ದ. ಪ್ಯಾರಿಗೆ ಏನು ಒತ್ತಬೇಕು ಗೊತ್ತೇ? ಮುಂದಕ್ಕೆ ಒಂದು ಸಲ ತಟ್ಟಿದರೆ ಆಯಿತು, ಬಟನ್ನೇ ಬೇಡ. ಇಡೀ ಆಟದಲ್ಲಿ ಅದಕ್ಕಿಂತ ಸರಳವಾದ ಕಂಟ್ರೋಲ್ ಇಲ್ಲ. ಕಷ್ಟ ಇದ್ದದ್ದು ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ತಟ್ಟುವುದರಲ್ಲಿ, ಅದಕ್ಕೂ ಮುಂಚೆ ಆ ಸೂಪರ್ ಈಗ ಬರುತ್ತದೆ ಅಂತ ಊಹಿಸುವುದರಲ್ಲಿ.

ನನ್ನ ಅಕ್ಕನ ಮಗ ಹತ್ತನೇ ಕ್ಲಾಸು. ರಜೆಗೆ ಬಂದವನು ಮಾಡರ್ನ್‌ನಲ್ಲಿ ರ್‍ಯೂ ಹಿಡಿದ, ನಾನು ಪೂರ್ತಿ ಚಲನೆ ಕೇಳುವ ಹಳೆಯ ಕ್ಲಾಸಿಕ್‌ನಲ್ಲಿ ಕೆನ್. ನಾನು ಹಾರಿದಾಗಲೆಲ್ಲ ಅವನ ಶೋರ್ಯುಕೆನ್ ನನ್ನ ದವಡೆಗೆ ಬಂದು ಕೂರುತ್ತಿತ್ತು. "ಮಾಮ, ಯಾಕ್ ಸುಮ್ನೆ ಹಾರ್ತಾನೇ ಇದ್ದೀಯ?" ಅಂದ. ಪ್ರಶ್ನೆ ಸರಿಯಾಗೇ ಇತ್ತು. ಇಷ್ಟು ವರ್ಷ ನಾನು ಹಾರುತ್ತಿದ್ದದ್ದು ಎದುರಾಳಿಯ ಬೆರಳು ಎಡವುತ್ತದೆ ಅನ್ನುವ ಧೈರ್ಯದಲ್ಲಿ. ಹಾರುವುದು ಬಿಟ್ಟೆ. ನೆಲದ ಮೇಲೇ ಒಂದೊಂದು ಹೆಜ್ಜೆ ಇಟ್ಟು ಹತ್ತಿರ ಹೋಗಿ, ಅವನು ಬ್ಲಾಕ್ ಹಿಡಿದು ಕೂತಾಗ ಎತ್ತಿ ಒಗೆದೆ. ಗಾಬರಿಯಾಗಿ ಬರಿದೇ ಶೋರ್ಯುಕೆನ್ ಒತ್ತಿದ. ನಾನು ಬ್ಲಾಕ್ ಮಾಡಿದೆ, ಅವನು ಕೆಳಗಿಳಿಯುವವರೆಗೆ ಕಾದೆ, ಹೊಡೆತದ ಮೇಲೆ ಹೊಡೆತ ಪೋಣಿಸಿದ ನನ್ನ ಇಡೀ ಕಾಂಬೊ ಹಾಕಿದೆ. ಇಬ್ಬರೂ ಮಾತು ನಿಲ್ಲಿಸಿದ್ದು ಅಲ್ಲಿಂದ ಮುಂದೆ. ನಾನು ಶೋರ್ಯುಕೆನ್ ಕಲಿಯಲು ಕಳೆದ ವರ್ಷಗಳನ್ನು ಅವನು ಕಳೆಯಲಿಲ್ಲ, ಆದರೆ ಅಂತರ ಅಳೆಯುವ, ಕಾಯುವ ಪಾಠ ಅವನಿಗೆ ಒಂದು ವಾರದಲ್ಲೇ ಶುರುವಾಯಿತು.

ಒಂದು ಆಕ್ಷೇಪಣೆ ಮಾತ್ರ ನಿಜ. ಚಲನೆ ಮಾಡಲು ಹಿಡಿಯುವ ಹೊತ್ತು ಕೂಡ ಆಟದ ತೂಕದೊಳಗೇ ಸೇರಿದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಆಟದಲ್ಲಿ ಮೂರು ದಿಕ್ಕು ತಿರುಗಿಸುವವನಿಗೂ ಒಂದೇ ಬಟನ್ ಒತ್ತುವವನಿಗೂ ಅಂತರ ಇದ್ದೇ ಇದೆ. ಹಾಗಾಗಿ ಸುಲಭಕ್ಕೆ ಬೆಲೆ ಇರಲೇಬೇಕು, ಮತ್ತು ಸ್ಟ್ರೀಟ್ ಫೈಟರ್ 6ರಲ್ಲಿ ಬೆಲೆ ಇದೆ: ಒಂದೇ ಬಟನ್ನಿನ ಪಟ್ಟಿಗೆ ಶೇ 20ರಷ್ಟು ಪೆಟ್ಟು ಕಡಿಮೆ. ಜೊತೆಗೆ ಆರು ಹೊಡೆತದ ಬಟನ್ ಇದ್ದ ಕಡೆ ಮೂರೇ, ಕೆಲವು ಹೊಡೆತಗಳು ಕೈಗೇ ಸಿಗುವುದಿಲ್ಲ. 2024ರ ಟೆಕನ್ 8 ಅನ್ನುವ ಇನ್ನೊಂದು ಫೈಟಿಂಗ್ ಗೇಮ್ ಬೇರೆ ದಾರಿ ಹಿಡಿದು, ಸ್ಪೆಷಲ್ ಸ್ಟೈಲ್ ಅನ್ನುವ ತನ್ನ ಸುಲಭದ ಕಂಟ್ರೋಲನ್ನು ಪಂದ್ಯದ ಮಧ್ಯೆಯೇ ಹಾಕಿ ತೆಗೆಯಲು ಬಿಟ್ಟಿದೆ. ಬೆಲೆಯಿಲ್ಲದೆ ಸುಲಭ ಮಾಡುವ, ಅಥವಾ ಹಳೆಯ ಪಟ್ಟನ್ನೇ ಕಿತ್ತುಹಾಕುವ ಸೀಕ್ವೆಲ್ ಬಂದರೆ ನಾನೂ ವಿರೋಧಿಸುತ್ತೇನೆ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್ ವೂಗೆ ಆಗ 44 ವರ್ಷ. ಬೆರಳಿನ ಚುರುಕೇ ಎಲ್ಲವೂ ಆಗಿದ್ದರೆ ಆ ಪದಕ ಇಪ್ಪತ್ತರ ಹುಡುಗನ ಕೊರಳಿಗೆ ಹೋಗಬೇಕಿತ್ತು.

ಅಕ್ಕನ ಮಗ ದೀಪಾವಳಿಗೆ ಮತ್ತೆ ಬಂದಿದ್ದ. "ಆ ಹಳೇ ಥರದ್ದು ಹೇಳ್ಕೊಡು ಮಾಮ, ಪೆಟ್ಟು ಕಮ್ಮಿ ಬೀಳ್ತಾ ಇದೆ" ಅಂದ. ಮಾಡರ್ನ್‌ನಲ್ಲೂ ಪೂರ್ತಿ ಚಲನೆ ಮಾಡಿದರೆ ಪೂರ್ತಿ ಪೆಟ್ಟು ಸಿಗುತ್ತದೆ, ಅದನ್ನು ಅವನೇ ಪತ್ತೆ ಮಾಡಿದ್ದ. ರಾತ್ರಿ ಹನ್ನೊಂದರವರೆಗೆ ಕೂತು ಮುಂದಕ್ಕೆ, ಕೆಳಕ್ಕೆ, ಓರೆ ಅಂತ ಹೆಬ್ಬೆರಳು ಕೆಂಪಾಗುವಷ್ಟು ಉಜ್ಜಿದ. ಈಗ ನಾನು ಹಾರಿದರೆ ಅವನದು ಒಂದೇ ಬಟನ್, ಕಾಂಬೊ ನಡುವೆ ಪೂರ್ತಿ ಚಲನೆ.