ಬಾಯಿ ಹುಣ್ಣು ಎರಡು ವಾರ ದಾಟಿದರೆ: ಕೆನ್ನೆ, ವಸಡು, ದವಡೆ ಕ್ಯಾನ್ಸರ್

[ತೆರೆ ಮೇಲೆ: ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ಇಡುತ್ತಿರುವ ದೃಶ್ಯ]

ತೋರುಬೆರಳು, ನಡುಬೆರಳು, ಉಂಗುರಬೆರಳು. ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ. ನಿಮ್ಮದೇ ಬೆರಳಾಗಿರಬೇಕು. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೀತಿದೆ ಅಂತ. ಎರಡೇ ಹಿಡಿಸಿ, ಎಲೆಅಡಿಕೆ ಅಥವಾ ಗುಟ್ಕಾ ಹಾಕೋ ಅಭ್ಯಾಸವೂ ಇದ್ದರೆ, ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ.

ಅಡಿಕೆಯ ರಸ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಸುತ್ತೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗುತ್ತೆ, ಬಾಯಿ ಕಿರಿದಾಗುತ್ತೆ. ಇದಿನ್ನೂ ಕ್ಯಾನ್ಸರ್ ಅಲ್ಲ. ಆದರೆ ಇಂಥ ಬಾಯಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಬಹಳ ಹೆಚ್ಚು. ಅಡಿಕೆ ಬಿಟ್ಟರೆ ಬಿಗಿತ ಪೂರ್ತಿ ಹೋಗಲ್ಲ, ಮುಂದೆ ಬೆಳೆಯೋದು ತಗ್ಗುತ್ತೆ.

"ನಾನು ಹೊಗೆಸೊಪ್ಪು ಮುಟ್ಟಲ್ಲ, ಬರೀ ಅಡಿಕೆ" ಅನ್ನೋರು ತುಂಬಾ ಜನ. ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಮಲೆನಾಡು, ಕರಾವಳಿಯ ಮನೆಗಳಿಗೆ ಇದು ಕಹಿ ಮಾತು ಅಂತ ಗೊತ್ತು. ಆದರೂ ಮುಚ್ಚಿಡೋ ಹಾಗಿಲ್ಲ. ಇನ್ನು ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧ ಇದ್ದರೂ, ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಕಲಸಿದರೆ ಬಾಯಿಗೆ ಹೋಗೋದು ಅದೇ ಗುಟ್ಕಾ.

[ತೆರೆ ಮೇಲೆ: ಕೆಳದವಡೆ ಮತ್ತು ಕೆನ್ನೆಯ ಚಿತ್ರ, ನಡುವಿನ ಸಂದಿಗೆ ಬಾಣದ ಗುರುತು]

ಎಲೆಅಡಿಕೆ, ಗುಟ್ಕಾದ ಉಂಡೆಯನ್ನ ಎಲ್ಲಿ ಒತ್ತಿ ಇಡ್ತಾರೋ, ರೋಗ ಹೆಚ್ಚಾಗಿ ಹುಟ್ಟೋದೂ ಅಲ್ಲೇ: ಕೆಳಗಿನ ವಸಡು ಮತ್ತು ಕೆನ್ನೆಯ ನಡುವಿನ ಸಂದಿ. ಆ ಜಾಗದ ತೊಂದರೆ ನೋಡಿ. ಒಂದು ಪಕ್ಕದಲ್ಲಿ ತೆಳು ವಸಡು, ಅದರ ಅಡಿಯಲ್ಲೇ ದವಡೆ ಮೂಳೆ. ಇನ್ನೊಂದು ಪಕ್ಕದಲ್ಲಿ ಕೆನ್ನೆ, ಅದರ ಆಚೆ ಚರ್ಮ. ಹಿಂದೆ ಅಗಿಯುವ ಸ್ನಾಯು. ಗಡ್ಡೆ ಸಣ್ಣದಿದ್ದರೂ ಮೂಳೆಯೊಳಗೆ ಇಳಿದರೆ, ಅಥವಾ ಚರ್ಮ ತೂತು ಮಾಡಿದರೆ, ಅದು ನಾಲ್ಕನೇ, ಅಂದರೆ ಕೊನೆ ಹಂತದ ಲೆಕ್ಕಕ್ಕೆ ಹೋಗುತ್ತೆ. ಅಲ್ಲಿವರೆಗೂ ಅನೇಕರಿಗೆ ನೋವೇ ಇರಲ್ಲ, ಅದಕ್ಕೇ ತಡವಾಗಿ ಬರ್ತಾರೆ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ಟಾರ್ಚ್ ಹಿಡಿದು ನಿಲ್ಲಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ. ಕೆನ್ನೆಯನ್ನ ಬೆರಳಿಂದ ಹೊರಕ್ಕೆಳೆದು ಆ ಸಂದಿಯನ್ನ ಕೊನೆ ದವಡೆಹಲ್ಲಿನ ಹಿಂದಿನವರೆಗೂ ನೋಡಿ. ನಾಲಿಗೆಯ ತುದಿಯನ್ನ ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು ನೋಡಿ, ಮೇಲಕ್ಕೆತ್ತಿ ಅಡಿಭಾಗ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ತೋರಿಸಬೇಕು. ಕೆಂಪು ಮಚ್ಚೆ ಅದಕ್ಕಿಂತ ಹೆಚ್ಚು ಅಪಾಯಕಾರಿ. ಅಂಚು ಗಟ್ಟಿಯಾದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಒಂದೇ ಕಡೆ ಕಿವಿ ನೋವು, ಕೆಳತುಟಿ ಜೋಮು ಹಿಡಿದಂತಾಗೋದು, ಇವನ್ನೂ ಬಿಡಬೇಡಿ. ತುಟಿಗೆ ಹೋಗುವ ನರ ದವಡೆ ಮೂಳೆಯೊಳಗೇ ಹಾದುಹೋಗುತ್ತೆ. ಜೋಮು ಅಂದರೆ ರೋಗ ಅಲ್ಲಿಗೆ ತಲುಪಿರಬಹುದು.

ಇಲ್ಲಿ ನಡೆಯುವ ತಪ್ಪು ಯಾವಾಗಲೂ ಒಂದೇ ಥರ. ಹಲ್ಲು ಅಲ್ಲಾಡುತ್ತೆ, ಕೀಳಿಸ್ತಾರೆ. ಕುಳಿ ಮಾಗಲ್ಲ. ಪಕ್ಕದ ಹಲ್ಲೂ ಕೀಳಿಸ್ತಾರೆ. ಜೊತೆಗೆ ಬಿ-ಕಾಂಪ್ಲೆಕ್ಸ್ ಮಾತ್ರೆ, ಹುಣ್ಣಿಗೆ ಹಚ್ಚೋ ಜೆಲ್. ಹೀಗೇ ಮೂರು ತಿಂಗಳು ಕಳೆಯುತ್ತೆ. ಚೂಪು ಹಲ್ಲು ತಾಗಿ ಹುಣ್ಣಾಗಿದ್ದರೆ ಹಲ್ಲಿನ ಡಾಕ್ಟರ್ ಹತ್ತಿರ ಆ ಚೂಪು ತುದಿ ನಯ ಮಾಡಿಸಿ ಎರಡು ವಾರ ನೋಡಬಹುದು. ಮಾಗದಿದ್ದರೆ ಬಯಾಪ್ಸಿನೇ (ಹುಣ್ಣಿನ ಚೂರು ತೆಗೆದು ಮಾಡೋ ಪರೀಕ್ಷೆ), ಬೇರೆ ದಾರಿ ಇಲ್ಲ.

ಮುಖದ ಬಗ್ಗೆಯೂ ಒಂದು ಮಾತು. ಒಂದೇ ಹೊಳ್ಳೆಯಿಂದ ರಕ್ತ, ಅದೇ ಕಡೆ ಕೆನ್ನೆ ಊತ, ಮೇಲಿನ ಹಲ್ಲು ಸಡಿಲ ಅಂದರೆ ಮೇಲ್ದವಡೆ ಮೂಳೆಯೊಳಗಿನ ಸೈನಸ್ (ಗಾಳಿ ತುಂಬಿದ ಟೊಳ್ಳು) ನೋಡಿಸಬೇಕು. ಮೂಗು, ಕಣ್ಣಿನ ಹತ್ತಿರ ಚರ್ಮದ ಮೇಲೆ ಹೊಳೆಯುವ ಗುಳ್ಳೆ, ಹಕ್ಕಳೆ ಉದುರಿ ಮತ್ತೆ ರಕ್ತ ಬರೋದು ಚರ್ಮದ ಕ್ಯಾನ್ಸರ್ ಇರಬಹುದು.

[ತೆರೆ ಮೇಲೆ: ಹುಣ್ಣಿನ ಚಿತ್ರ, ಅಂಚಿನಲ್ಲಿ ಸಣ್ಣ ಗುರುತು]

"ಚುಚ್ಚಿದರೆ ಹರಡುತ್ತೆ" ಅನ್ನೋ ಮಾತು ಊರೂರಲ್ಲೂ ಇದೆ. ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹರಡಲ್ಲ. ಮರಗಟ್ಟಿಸಿ, ಹುಣ್ಣಿನ ಅಂಚಿಂದ ಚೂರು ತೆಗೀತಾರೆ. ನಡುವಿನಿಂದ ತೆಗೆದರೆ ಸತ್ತ ಮಾಂಸ ಮಾತ್ರ ಬಂದು ರಿಪೋರ್ಟ್ ತಪ್ಪಾಗಿ "ಏನೂ ಇಲ್ಲ" ಅನ್ನಬಹುದು. ಡಾಕ್ಟರಿಗೆ ಅನುಮಾನ ಉಳಿದರೆ ಎರಡನೇ ಸಲ ತೆಗೆಯೋದು ಸರಿಯಾದ ಕ್ರಮ, ಬೇಸರ ಪಡಬೇಡಿ.

ಬಾಯಿ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಆಪರೇಷನ್. "ಕತ್ತಲ್ಲಿ ಗಂಟೇ ಇಲ್ಲ, ಕತ್ತು ಯಾಕೆ ಕೊಯ್ತೀರಿ?" ಅಂತ ಮನೆಯವರು ಕೇಳೋದು ಸಹಜ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೇ ಪ್ರಶ್ನೆಯನ್ನ ಪರೀಕ್ಷಿಸಿ 2015ರಲ್ಲಿ ಉತ್ತರ ಕೊಟ್ಟಿತು. ಆರಂಭದ ಹಂತದ ರೋಗಿಗಳಲ್ಲಿ ಕತ್ತಿನ ಗಂಟುಗಳನ್ನೂ (ಊದಿಕೊಳ್ಳದೆ ಇದ್ದರೂ ಒಳಗಿರುವ ದುಗ್ಧಗ್ರಂಥಿಗಳು) ಮೊದಲೇ ತೆಗೆದವರ ಪೈಕಿ ಮೂರು ವರ್ಷಕ್ಕೆ ಬದುಕುಳಿದವರು ಶೇ 80. ಗಂಟು ಊದಿ ಕಂಡಮೇಲೆ ತೆಗೆದವರಲ್ಲಿ ಶೇ 67.5.

ಆಪರೇಷನ್ ನಂತರದ ರಿಪೋರ್ಟಲ್ಲಿ ಮೂರು ಸಂಗತಿ ಕೇಳಿ. ಗಡ್ಡೆಯ ಸುತ್ತ 5 ಮಿಲಿಮೀಟರ್ ಆದರೂ ಆರೋಗ್ಯಕರ ಅಂಚು ಸಿಕ್ಕಿದೆಯಾ? ಎಷ್ಟು ಆಳ ಇಳಿದಿತ್ತು? ಕತ್ತಿನ ಗಂಟಿನ ಸಿಪ್ಪೆ ಒಡೆದು ರೋಗ ಹೊರಬಂದಿದೆಯಾ? ಅಂಚಿನಲ್ಲೇ ರೋಗ ಉಳಿದಿದ್ದರೆ ಅಥವಾ ಸಿಪ್ಪೆ ಒಡೆದಿದ್ದರೆ ರೇಡಿಯೇಷನ್ (ವಿಕಿರಣ ಚಿಕಿತ್ಸೆ) ಜೊತೆ ಕಿಮೊ (ಕ್ಯಾನ್ಸರ್ ಔಷಧಿ) ಕೂಡ ಸೇರುತ್ತೆ.

ರೇಡಿಯೇಷನ್, ನಮ್ಮ ಕಡೆ ಕರೆಂಟ್ ಕೊಡೋದು ಅಂತಾರಲ್ಲ, ಅದು ಬೇಕಿದ್ದರೆ ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗಬೇಕು. ಸಾಮಾನ್ಯವಾಗಿ 30 ಸಲ, ವಾರಕ್ಕೆ ಐದು ದಿನದ ಹಾಗೆ ಆರು ವಾರ. "ಗಾಯ ಮಾಗಿದೆ, ಕೊಯ್ಲು ಮುಗಿಸ್ಕೊಂಡು ಬರ್ತೀವಿ" ಅಂತ ಊರಿಗೆ ಹೋದವರಿಗೆ ರೋಗ ಮರುಕಳಿಸಿದ್ದು ನೋಡಿದಾಗ ಸಂಕಟ ಆಗುತ್ತೆ. ನಡುವೆ ದಿನ ತಪ್ಪಿದರೂ ಪರಿಣಾಮ ಕುಗ್ಗುತ್ತೆ.

ಕರೆಂಟ್ ಶುರುವಾಗೋ ಮೊದಲೇ ಹಾಳಾದ ಹಲ್ಲು ಕೀಳಿಸಿ, ಕುಳಿ ಮಾಗಲು ಎರಡು ವಾರವಾದರೂ ಬಿಡಿ. ಆಮೇಲೆ ಕೀಳಿಸಿದರೆ ರಕ್ತ ಓಡಾಟ ಕಡಿಮೆಯಾದ ದವಡೆ ಮೂಳೆ ಸಾಯಬಹುದು. ವರ್ಷಗಳ ನಂತರವೂ ಈ ಅಪಾಯ ಹೋಗಲ್ಲ. ಯಾವ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ "ನನಗೆ ರೇಡಿಯೇಷನ್ ಆಗಿದೆ" ಅಂತ ಮೊದಲು ಹೇಳಿ.

ಕರೆಂಟಿನಿಂದ ಬಾಯಿ ಹುಣ್ಣಾದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ, ದಿನಕ್ಕೆ ಆರೇಳು ಸಲ ಮುಕ್ಕಳಿಸಿ. ದಿನವೂ ಹೊಸದಾಗಿ ಕಲಸಿ. ಮೂಗಿನ ನಳಿಕೆಯಲ್ಲಿ ಊಟ ಕೊಡೋದಾದರೆ ರಾಗಿ ಅಂಬಲಿಯನ್ನ ಸೋಸಿಯೇ ಕೊಡಿ, ಸಣ್ಣ ಗಂಟು ಸಾಕು ನಳಿಕೆ ಕಟ್ಟೋಕೆ. ಪ್ರತಿ ಸಲ ಮುಂಚೆ, ಆಮೇಲೆ 30 ಮಿಲಿಲೀಟರ್ ನೀರು ಬಿಡಿ. ರೋಗಿ ಕೂತೇ ಇರಬೇಕು, ಮುಗಿದಮೇಲೂ ಅರ್ಧ ಗಂಟೆ. ನಳಿಕೆ ಜಾರಿದರೆ ನೀವೇ ತಳ್ಳಬೇಡಿ, ಶ್ವಾಸನಾಳಕ್ಕೆ ಹೋಗಬಹುದು.

ಡಾಕ್ಟರ್ ಅನುಮತಿ ಕೊಟ್ಟಮೇಲೆ ಬಾಯಿ ತೆರೆಯುವ ವ್ಯಾಯಾಮ ದಿನವೂ ಮಾಡಿ. ಐಸ್‌ಕ್ರೀಮ್ ಕಡ್ಡಿಗಳನ್ನ ಜೋಡಿಸಿ ದವಡೆಹಲ್ಲುಗಳ ನಡುವೆ ಇಟ್ಟು, ಹಿಡಿಸಿದಷ್ಟು ಹಿಡಿಸಿ, ವಾರಕ್ಕೊಂದು ಕಡ್ಡಿ ಹೆಚ್ಚಿಸೋಕೆ ನೋಡಿ. ಇದನ್ನ ಬಿಟ್ಟವರ ಬಾಯಿ ತಿಂಗಳುಗಳಲ್ಲಿ ಬಿಗಿದುಕೊಂಡು, ತುತ್ತು ಇಡೋದಿರಲಿ, ಮರುಪರೀಕ್ಷೆಗೂ ಒಳಗೆ ನೋಡೋಕೆ ಆಗಲ್ಲ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆಧಾರ್, ರೇಷನ್ ಕಾರ್ಡ್ ಜೊತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ತಂಬಾಕು, ಗುಟ್ಕಾ ಅಭ್ಯಾಸ ಬಿಡೋಕೆ ಉಚಿತ ಸಹಾಯವಾಣಿ 1800-11-2356. ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ತಲೆನೋವು ಎಲ್ಲಕ್ಕಿಂತ ಜೋರು. ಆ ವಾರದಲ್ಲೇ ಫೋನ್ ಮಾಡಿ.